ಗುಂಡಿ ತೋಡುವ ಮುನ್ನ

"ಇಂಜಿನಿಯರ್ರೇ, ಹಿತ್ತಲಲ್ಲಿ ಒಂದು ಸ್ವಿಮ್ಮಿಂಗ್ ಪೂಲ್ ಮಾಡಿಸಬೇಕು, ಎಷ್ಟಾಗುತ್ತೆ?" ಎಂದು ಕೇಳಿಕೊಂಡು ಬಂದವರಿಗೆ ನಾನು ಮೊದಲು ರೇಟು ಹೇಳುವುದಿಲ್ಲ. ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವುದು ನನ್ನ ಕಸುಬು. ಈಜುಕೊಳಗಳನ್ನೂ ಕಟ್ಟಿದ್ದೇನೆ. ಬೇಡ ಬಿಡಿ ಎಂದು ಕಾಫಿ ಕುಡಿಸಿ ಕಳಿಸಿದ ಗಿರಾಕಿಗಳು ಮಾತ್ರ ಅದಕ್ಕಿಂತ ಹೆಚ್ಚು.

ಲೆಕ್ಕ ಕಷ್ಟದ್ದೇನಲ್ಲ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು. ಮನೆಯ ಮಟ್ಟಿಗೆ ಇದು ಸಣ್ಣ ಕೊಳ, ನಾಲ್ಕು ಬಾರಿ ಕೈ ಬೀಸುವಷ್ಟರಲ್ಲಿ ಆ ಕಡೆಯ ಗೋಡೆ ಸಿಕ್ಕಿಬಿಡುತ್ತದೆ. ಅದಕ್ಕೇ 22,600 ಲೀಟರ್ ಬೇಕು. 6,000 ಲೀಟರಿನ ಟ್ಯಾಂಕರಾದರೆ ಹತ್ತಿರ ಹತ್ತಿರ ನಾಲ್ಕು. ತುಂಬಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಮುಗಿಯುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಈ ಕೊಳದಿಂದ 90 ಲೀಟರಿಗೂ ಹೆಚ್ಚು ನೀರು ಗಾಳಿಗೆ ಹೋಗುತ್ತದೆ. ತಿಂಗಳಿಗೆ ಅರ್ಧ ಟ್ಯಾಂಕರ್, ಯಾರೂ ಇಳಿಯದೆಯೇ.

ನಮ್ಮೂರು ಮಳವಳ್ಳಿ ಕಡೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವನು ನಾನು. ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ ಬಂದು, ಹಂತ ಹಂತವಾಗಿ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿನ ನಲ್ಲಿ ತಲುಪುವುದು. ಅಷ್ಟು ದೂರದಿಂದ ಬಂದ ಕುಡಿಯುವ ನೀರನ್ನು ಕೊಳಕ್ಕೆ ಬಿಡುವಾಗ ನನಗಂತೂ ಕೈ ಹಿಂಜರಿಯುತ್ತದೆ. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದೆಂದು ಆದೇಶ ಹೊರಡಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಆ ಬೇಸಿಗೆಯಲ್ಲಿ ನನಗೆ ಕೊಳದ ವಿಚಾರಣೆಗಳೂ ನಿಂತವು. ಮಳೆ ಬಿದ್ದ ಮೇಲೆ ಮತ್ತೆ ಶುರುವಾದವು.

ನೀರಿನ ವ್ಯವಸ್ಥೆ ಇದೆ, ತಾರಸಿಯ ಮಳೆನೀರನ್ನು ಸೋಸಿ ಹಿಡಿದಿಡಲು ದೊಡ್ಡ ತೊಟ್ಟಿ ಕಟ್ಟಿಸುತ್ತೇವೆ ಎಂದರೆ ಮಾತು ಮುಂದುವರಿಯುತ್ತದೆ. ಆಗ ಅಡ್ಡ ಬರುವುದು ವಾಸ್ತು. ನೀರು ಈಶಾನ್ಯದಲ್ಲೇ ಇರಬೇಕಂತೆ. ಸಂಪಿಗೂ ಈಶಾನ್ಯ, ಬೋರ್‌ವೆಲ್ಲಿಗೂ ಈಶಾನ್ಯ, ದೇವರಕೋಣೆಗೂ ಈಶಾನ್ಯ. 40x60 ಸೈಟಿನ ಒಂದು ಮೂಲೆಗೆ ಎಷ್ಟು ಹೊರೆ! ಹಿತ್ತಲು ನೈಋತ್ಯಕ್ಕೆ ಬಿದ್ದರೆ ಆ ಮನೆಯಲ್ಲಿ ಕೊಳದ ಕಥೆ ಅಲ್ಲಿಗೇ ಮುಗಿಯಿತು. ಕೆಲವರು ಹಾಗಾದರೆ ಟೆರೇಸಿನ ಮೇಲೆ ಮಾಡಿಕೊಡಿ ಎನ್ನುತ್ತಾರೆ. ಓಡಾಡುವ ತಾರಸಿಯನ್ನು ನಾವು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೇರಿಗೆ ಲೆಕ್ಕ ಹಾಕಿರುತ್ತೇವೆ. ನಾಲ್ಕಡಿ ನೀರು ನಿಂತರೆ ಅದೇ ಚದರ ಮೀಟರಿಗೆ 1,200 ಕಿಲೋ ದಾಟುತ್ತದೆ. ಕಟ್ಟುವ ಮೊದಲೇ ಹೇಳಿದ್ದರೆ ಕಂಬ, ತೊಲೆಗಳನ್ನು ಅದಕ್ಕೆ ತಕ್ಕಂತೆ ಹಾಕಬಹುದಿತ್ತು; ಗೃಹಪ್ರವೇಶ ಆದಮೇಲೆ ಕೇಳಿದರೆ ಆಗುವುದಿಲ್ಲ ಎಂದೇ ನನ್ನ ಉತ್ತರ.

ಹಿತ್ತಲಿನ ಕೆಲಸದಲ್ಲಿ ಮೊದಲ ತೊಡಕು ಅಗೆತ. ಮನೆಯ ಪಕ್ಕದ ಮೂರಡಿ ಸಂದಿಯಲ್ಲಿ ಜೆಸಿಬಿ ನುಗ್ಗದು. ಆಳುಗಳು ಬಾಂಡ್ಲಿಯಲ್ಲಿ ಮಣ್ಣು ಹೊತ್ತು ರಸ್ತೆಗೆ ತರಬೇಕು, ಅಲ್ಲಿಂದ ಟಿಪ್ಪರಿಗೆ. ಕಾಂಪೌಂಡಿಗೆ ಅಂಟಿಕೊಂಡಂತೆ ಆರಡಿ ಇಳಿದರೆ ಪಕ್ಕದವರ ಪಾಯದ ಮಣ್ಣು ಜಾರುತ್ತದೆ, ಆಮೇಲೆ ಪಕ್ಕದವರೊಡನೆ ಮಾತು ನಿಲ್ಲುತ್ತದೆ. ಬೆಂಗಳೂರಿನ ಕೆಂಪುಮಣ್ಣು ಎಷ್ಟೋ ವಾಸಿ. ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಕೊಳದ ಸುತ್ತ ಮತ್ತು ಅಡಿಯಲ್ಲಿ ಎರೆಯನ್ನು ತೆಗೆದು ಮೊರಂ ತುಂಬಿ ದಮ್ಮಸ್ಸು ಮಾಡದಿದ್ದರೆ ಗೋಡೆ ಸೀಳುವುದು ಖಂಡಿತ.

ಆದರೆ ಜನ ಊಹಿಸದ ಅಪಾಯ ಬೇರೆ ಇದೆ: ಖಾಲಿ ಕೊಳ ತೇಲುತ್ತದೆ. ಮೇಲೆ ಹೇಳಿದ ಅಳತೆಗೆ 8 ಇಂಚಿನ ತಳ, ಅಷ್ಟೇ ದಪ್ಪದ ನಾಲ್ಕೂವರೆ ಅಡಿ ಗೋಡೆ ಹಾಕಿದರೆ ಕಾಂಕ್ರೀಟಿನ ತೂಕ ಸುಮಾರು 25 ಟನ್. ಮಳೆಗಾಲದಲ್ಲಿ ಸುತ್ತಲ ಮಣ್ಣಿನೊಳಗೆ ನೀರು ಅಂಚಿನವರೆಗೆ ಏರಿತು ಎನ್ನಿ, ಅದು ಕೊಳವನ್ನು ಸುಮಾರು 35 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಒಳಗೆ ನೀರಿರುವಾಗ ಏನೂ ಆಗದು. ತೊಳೆಯಲೆಂದು ಜುಲೈನಲ್ಲಿ ಪೂರ್ತಿ ಖಾಲಿ ಮಾಡಿದ ದಿನ ಕಾಂಕ್ರೀಟಿನ ದೋಣಿ ಎದ್ದೀತು. ಪೈಪುಗಳು ಮುರಿದು, ಸುತ್ತಲ ಕಲ್ಲುಹಾಸು ಕಿತ್ತುಬರುತ್ತದೆ. ಮಂಗಳೂರಿನಂಥ ಮಳೆಯ ಊರಲ್ಲಿ, ಬೆಂಗಳೂರಿನಲ್ಲಾದರೆ ಕೆರೆಯ ಆಸುಪಾಸಿನ ತಗ್ಗು ಬಡಾವಣೆಗಳಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ತಳದಲ್ಲಿ ಒತ್ತಡ ಬಿಡುಗಡೆಯ ವಾಲ್ವ್ ಕೂರಿಸಿದರೆ ಹೊರಗಿನ ನೀರು ಒಳಗೆ ಬಂದು ಒತ್ತಡ ಇಳಿಯುತ್ತದೆ. ಅದಕ್ಕಿಂತ ಸುಲಭ, ಮಳೆಗಾಲದಲ್ಲಿ ಕೊಳ ಬರಿದು ಮಾಡದಿರುವುದು.

ನೀರು ನಿಲ್ಲಿಸುವ ಕಟ್ಟಡಗಳಿಗೆ ಐಎಸ್ 3370 ಎಂಬ ಪ್ರತ್ಯೇಕ ಸಂಹಿತೆ ಇದೆ. ಎಂ30ಕ್ಕಿಂತ ಕಡಿಮೆ ಕಾಂಕ್ರೀಟ್ ಅದಕ್ಕೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ದೊಡ್ಡ ಕೊಳಗಳಿಗೆ ಕಾಂಕ್ರೀಟನ್ನು ಪೈಪಿನಿಂದ ಚಿಮ್ಮಿಸಿ ಗೋಡೆ ಎಬ್ಬಿಸುತ್ತಾರೆ. ಆ ಯಂತ್ರಕ್ಕೆ ಮೂಲಪುರುಷ ಕಾರ್ಲ್ ಏಕ್ಲಿ, ಶಿಕಾಗೋ ಮ್ಯೂಸಿಯಮ್ಮಿಗೆ ಸತ್ತ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದ ಕುಶಲಿ. ಉದುರುತ್ತಿದ್ದ ಮ್ಯೂಸಿಯಮ್ ಗೋಡೆಗೆ ಗಿಲಾವು ಮಾಡಲು ಕಂಡುಹಿಡಿದದ್ದು. ನಮ್ಮ ಹಿತ್ತಲಿಗೆ ಸೆಂಟ್ರಿಂಗ್ ಹಲಗೆ ಸಾಕು. ಟೈಲ್ಸ್ ಅಂಟಿಸುವ ಮೊದಲು ಒಂದು ವಾರವಾದರೂ ನೀರು ನಿಲ್ಲಿಸಿ ನೋಡಿ. ಮೇಸ್ತ್ರಿ ಅವಸರ ಮಾಡುತ್ತಾನೆ, ಬಗ್ಗಬೇಡಿ. ನೀರು ಇಳಿದದ್ದು ಸೋರಿಕೆಯಿಂದಲೋ ಬಿಸಿಲಿನಿಂದಲೋ ತಿಳಿಯಲು ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು ಒಳಗೂ ಹೊರಗೂ ಮಟ್ಟ ಗುರುತು ಹಾಕಿ. ಮರುದಿನ ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲು. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ.

ಇಷ್ಟೆಲ್ಲ ಆದಮೇಲೆ ಸಿಕ್ಕುವುದು ನೀರು ತುಂಬಿದ ಒಂದು ಯಂತ್ರ. ಅದು ದಿನವೂ ಓಡಬೇಕು. ಒಂದು ಎಚ್‌ಪಿ ಪಂಪು ಆರು ಗಂಟೆ ತಿರುಗಿದರೆ ದಿನಕ್ಕೆ ಸುಮಾರು 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿಯ ಮಿತಿ 200 ಯೂನಿಟ್ ಎಂದು ನೆನಪಿಸಿದರೆ ಎಂಥ ಸಾಹುಕಾರರ ಮುಖವೂ ಸ್ವಲ್ಪ ಬಾಡುತ್ತದೆ. ಮರಳಿನ ಫಿಲ್ಟರಿನಲ್ಲಿ ಕಸ ಕಟ್ಟಿ ಒತ್ತಡದ ಮುಳ್ಳು ಏರಿದಾಗ ನೀರನ್ನು ತಿರುವುಮುರುವು ಹರಿಸಿ ತೊಳೆಯಬೇಕು. ಒಮ್ಮೆಗೆ ನೂರಾರು ಲೀಟರ್ ಹೋಗುತ್ತದೆ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ಒಳಗಿರಬೇಕು. ಬಿಸಿಲು ಕ್ಲೋರಿನ್ನನ್ನು ತಿಂದುಹಾಕುವುದರಿಂದ ಸಂಜೆ ಹಾಕುವುದು ಕ್ಷೇಮ. ಬ್ಲೀಚಿಂಗ್ ಪುಡಿಯನ್ನೂ ಕ್ಲೋರಿನ್ ಬಿಲ್ಲೆಗಳನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಡಬೇಡಿ, ಬೆಂಕಿ ಹತ್ತಬಹುದು. ಇನ್ನೊಂದು ಮಾತು: ಮೂಗಿಗೆ ಹೊಡೆಯುವ "ಕೊಳದ ವಾಸನೆ" ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನಿನ ವಾಸನೆ ಅದು. ಇಳಿಯುವ ಮೊದಲು ಮೈ ತೊಳೆದುಕೊಳ್ಳಿ ಎನ್ನುವುದು ಮಡಿಗಾಗಿ ಅಲ್ಲ.

ಮೊದಲ ಬೇಸಿಗೆಯಲ್ಲಿ ನೆಂಟರ ಮಕ್ಕಳೆಲ್ಲ ಬರುತ್ತಾರೆ. ಮೂರನೆಯ ವರ್ಷ ಮಗ ಎಂಜಿನಿಯರಿಂಗಿಗೆ ಹಾಸ್ಟೆಲ್ ಸೇರಿದ ಮೇಲೆ ಪಂಪು ಯಾರು ಹಾಕುತ್ತಾರೆ? ಒಂದೇ ವಾರದಲ್ಲಿ ನೀರು ಹಸಿರಾಗಿ, ಸೊಳ್ಳೆಮರಿ ಕುಣಿಯುತ್ತವೆ. ಈ ಪ್ರಶ್ನೆಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಹತ್ತಿರದ ಈಜುಕೊಳದ ಮಾಸಿಕ ಪಾಸು ತೆಗೆದುಕೊಳ್ಳಿ ಎಂದು ಹೇಳಿಬಿಡುತ್ತೇನೆ.

ಕಟ್ಟಿಸಿಯೇ ಸಿದ್ಧ ಎನ್ನುವವರಿಗೆ ನನ್ನ ಕೆಲವು ಷರತ್ತುಗಳಿವೆ. ನೀರೊಳಗಿನ ದೀಪ 12 ವೋಲ್ಟಿನದೇ ಆಗಬೇಕು, ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು. ತಳದಲ್ಲಿ ಒಂದೇ ಡ್ರೇನ್ ಕೂಡದು. ಮೂರಡಿ ಅಂತರದಲ್ಲಿ ಎರಡಿದ್ದರೆ ಒಂದು ಮುಚ್ಚಿದರೂ ಹೀರುವ ಬಲ ಹಂಚಿಹೋಗುತ್ತದೆ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಡ್ರೇನಿನ ಸೆಳೆತಕ್ಕೆ ಸಿಕ್ಕಿ ಸತ್ತಳು. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾಯಿದೆ ಬಂತು. ಇನ್ನು ಬೇಲಿ. ನೋಟ ಕೆಡುತ್ತದೆ ಎಂದು ಎಲ್ಲರೂ ಗೊಣಗುತ್ತಾರೆ. ಐದಡಿ ಎತ್ತರ, ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಸಂದು, ತಾನಾಗಿ ಮುಚ್ಚಿಕೊಳ್ಳುವ ಗೇಟು, ನಾಲ್ಕೂವರೆ ಅಡಿ ಮೇಲೆ ಚಿಲಕ. ಇದು ನಕ್ಷೆಯಲ್ಲಿ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ, ಅಡ್ವಾನ್ಸೂ ಮುಟ್ಟುವುದಿಲ್ಲ.