ತೊಗರಿಯ ಹೂವಿಗೆ ಬರುವ ಪತಂಗ

ಮಳೆಗಾಲ ಕಳೆದು ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿ ಹೊಲಗಳು ಹಳದಿ ಹೂ ತಳೆದಾಗ, ಇರುಳಿನಲ್ಲಿ ಕಂದುಬಣ್ಣದ ಪತಂಗವೊಂದು ಹಾರಾಡತೊಡಗುತ್ತದೆ. ಇದೇ ಹೆಲಿಕೊವರ್ಪ ಆರ್ಮಿಜೆರ. ಇದರ ಮರಿಹುಳುವೇ ರೈತರ ಕಡುವೈರಿಯಾದ ಕಾಯಿಕೊರಕ. ಹೆಣ್ಣು ಪತಂಗವು ಮೊಗ್ಗು, ಹೂಗಳ ಮೇಲೆ ನೂರಾರು ಮೊಟ್ಟೆಗಳನ್ನು ಒಂದೊಂದಾಗಿಯೇ ಇಡುತ್ತದೆ. ಇದರ ಪ್ರಯೋಜನವನ್ನು ನಾವು ಊಹಿಸಬಹುದು: ಮರಿಹುಳುಗಳು ಎದುರಾದರೆ ಒಂದನ್ನೊಂದು ತಿಂದುಬಿಡುತ್ತವೆ! 3-4 ದಿನಗಳಲ್ಲಿ ಹೊರಬಂದ ಹುಳು ಮೊದಲು ಹೂಮೊಗ್ಗುಗಳನ್ನು ಮೇಯುತ್ತದೆ. ಬಲಿತ ಮೇಲೆ ಕಾಯಿಯನ್ನು ಕೊರೆದು, ಮೈಯನ್ನು ಹೊರಗೇ ಬಿಟ್ಟು, ತಲೆಯನ್ನು ಮಾತ್ರ ಒಳತೂರಿಸಿ ಕಾಳನ್ನು ತಿನ್ನುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ಹೆಸರಾಂತ ಬೇಳೆ ಹೀಗೆ ಹೊಲದಲ್ಲಿಯೇ ಹಾಳಾಗುತ್ತದೆ. ಎರಡು ಮೂರು ವಾರಗಳ ಬಳಿಕ ಹುಳು ನೆಲಕ್ಕಿಳಿದು ಮಣ್ಣಿನಲ್ಲಿ ಕೋಶವಾಗುತ್ತದೆ; ಅದರಿಂದ ಹೊಸ ಪತಂಗ. ತೊಗರಿ ತೀರಿದರೆ ಕಡಲೆಯುಂಟಲ್ಲ!

ಈ ಸೀಮೆಯ ರೈತರು ಕಂಡುಕೊಂಡ ಉಪಾಯ ಸರಳವಾದುದು. ಗಿಡದ ಬುಡದಲ್ಲಿ ಬಟ್ಟೆ ಹಾಸಿ, ಗಿಡವನ್ನು ಮೆಲ್ಲನೆ ಅಲುಗಿಸುತ್ತಾರೆ. ಉದುರಿದ ಹುಳುಗಳು ಕೋಳಿಗಳಿಗೆ ಆಹಾರವಾಗುವುದೂ ಉಂಟು.