ನೆನೆ ಎಂಬ ಧಾತುವಿನ ಅರ್ಥವಿಚಾರ

ಕೆಂಗೇರಿ, ರಾಜಾಜಿನಗರ ಮೊದಲಾದ ಬೆಂಗಳೂರಿನ ಪಶ್ಚಿಮಭಾಗದ ಮನೆಗಳಲ್ಲಿ ಕೇಳಿಬರುವ ಎರಡು ಮಾತುಗಳನ್ನು ನೋಡೋಣ: "ದೋಸೆಗೆ ಅಕ್ಕಿ ನೆನೆಸಿದ್ದೇನೆ", "ಊರನ್ನು ನೆನೆಸಿಕೊಂಡೆ". ಮೊದಲನೆಯದರಲ್ಲಿ ತೋಯಿಸುವುದೂ ಎರಡನೆಯದರಲ್ಲಿ ಸ್ಮರಿಸುವುದೂ ಅರ್ಥ. ನೀರು ಅಕ್ಕಿಯನ್ನು ಹೊಗುವಂತೆ ಸ್ಮರಣೆಯು ಮನಸ್ಸನ್ನು ಹೊಗುವುದರಿಂದ ಒಂದೇ ಧಾತುವಿಗೆ ಎರಡರ್ಥಗಳು ಬಂದುವೆಂದು ಹೇಳುವವರುಂಟು. ಕಲ್ಪನೆಯು ರಮ್ಯವಾದುದೇ, ಆದರೆ ಶಬ್ದಚರಿತ್ರೆಯು ಅದನ್ನು ಒಪ್ಪುವುದಿಲ್ಲ.

ಅದೇ ಬೀದಿಗಳಲ್ಲಿ ಕೇಳಿಬರುವ ತಮಿಳೇ ಇದಕ್ಕೆ ಸಾಕ್ಷಿ. ಅಲ್ಲಿ ನೆನೆಯುವುದಕ್ಕೆ 'ನಿನೈ', ತೋಯುವುದಕ್ಕೆ 'ನನೈ'. ಮಲಯಾಳದಲ್ಲಿಯೂ 'ನಿನ', 'ನನ' ಎಂಬ ಅಂಗಗಳು ಬೇರೆಬೇರೆ. ಕನ್ನಡದಲ್ಲಿ ಒದ್ದೆಯಾಗು ಎಂಬರ್ಥಕ್ಕೆ 'ನನೆ' ಎಂಬ ರೂಪವೂ ಉಂಟು. ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿಕೋಶವೂ (ಎರಡನೆಯ ಮುದ್ರಣ, 1984) ಇವನ್ನು ಎರಡು ಮೂಲಗಳ ಕೆಳಗೆ ಇಟ್ಟಿದೆ. ಆದಕಾರಣ ಇದು ಒಂದು ಶಬ್ದದ ಅರ್ಥವಿಸ್ತಾರವಲ್ಲ. ಎರಡು ಶಬ್ದಗಳ ಧ್ವನಿಸಾಮ್ಯ.

ವ್ಯಾಕರಣವೂ ಈ ಭೇದವನ್ನು ಉಳಿಸಿಕೊಂಡಿದೆ. ಸ್ಮರಣಾರ್ಥದ ನೆನೆ ಸಕರ್ಮಕ: ದೇವರನ್ನು ನೆನೆದನು. ಮತ್ತೊಂದು ಅಕರ್ಮಕ: ಮಳೆಯಲ್ಲಿ ನೆನೆದನು. 'ನೆನೆಸು' ಎಂಬಲ್ಲಿ ಅಕ್ಕಿಯ ಮಟ್ಟಿಗೆ ಪ್ರೇರಣಾರ್ಥವುಂಟು. ಊರಿನ ಮಟ್ಟಿಗೆ ಅದಿಲ್ಲ. ಪ್ರೇರಣೆಯನ್ನು ಹೇಳಬೇಕಾದರೆ 'ನೆನಪಿಸು' ಎನ್ನಬೇಕಾಗುತ್ತದೆ. ನೆನಪು, ನೆನಹು ಎಂಬ ನಾಮಪದಗಳು ಸ್ಮರಣಾರ್ಥದ ಧಾತುವಿಗೇ ಸೇರಿದುವು. ಆಡುಮಾತಿನಲ್ಲಿ 'ನೆಂದ ಗೆಳೆಯ'ನೆಂದರೆ ತೋಯ್ದವನೇ ಹೊರತು ಸ್ಮರಣೆಗೆ ಬಂದವನಲ್ಲ.

ಅಧ್ಯಾಪಕರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಹಳೆಯ ಪ್ರಯೋಗಗಳಲ್ಲಿ ನೆನೆ ಎಂಬುದಕ್ಕೆ ಕಳೆದುದರ ಸ್ಮರಣೆಯೊಂದೇ ಅರ್ಥವಲ್ಲ. ಭಾವಿಸು, ಸಂಕಲ್ಪಿಸು, ಧ್ಯಾನಿಸು ಎಂಬ ಅರ್ಥಗಳೂ ಉಂಟು. ತಮಿಳಿನ ನಿನೈ ಇಂದಿಗೂ ಆಲೋಚನಾರ್ಥದಲ್ಲಿ ನಡೆಯುತ್ತಿದೆ. "ಅರಸನು ಹಗೆಯ ಕೇಡನ್ನು ನೆನೆದನು" ಎಂಬಂಥ ವಾಕ್ಯ ಕಾವ್ಯದಲ್ಲಿ ಬಂದರೆ, ಅರಸನು ಹಳೆಯ ಕೇಡನ್ನು ಜ್ಞಾಪಿಸಿಕೊಂಡನೋ, ಹಗೆಗೆ ಕೇಡಾಗಬೇಕೆಂದು ಬಗೆದನೋ ಎಂಬುದನ್ನು ಸಂದರ್ಭವೇ ನಿಶ್ಚಯಿಸಬೇಕು. ಹೊಸಗನ್ನಡದ ರೂಢಿಯನ್ನೇ ನಂಬಿ ಎಲ್ಲೆಡೆಯೂ 'ನೆನಪು ಮಾಡಿಕೊಂಡನು' ಎಂದು ಬರೆದರೆ, ಮುಂದಣ ಕಾರ್ಯಕ್ಕೆ ಹೊರಟ ಮನಸ್ಸನ್ನು ಹಿಂದಕ್ಕೆ ತಿರುಗಿಸಿದಂತಾಗುವುದು. ವಚನಗಳ 'ನೆನಹು' ಎಂಬಲ್ಲಿಯೂ ಇದೇ ಎಚ್ಚರಿಕೆ ಬೇಕು. ಅದು ಅನೇಕ ಕಡೆ ಗತಸ್ಮೃತಿಯಲ್ಲ, ಈ ಕ್ಷಣದಲ್ಲಿ ನೆಲೆನಿಂತ ಧ್ಯಾನ.

ಹೀಗೆ ಮಳೆಯ ನೆನೆಯನ್ನು ಬೇರ್ಪಡಿಸಿ, ಮನಸ್ಸಿನ ನೆನೆಗೆ ಅದರ ಪೂರ್ಣವ್ಯಾಪ್ತಿಯನ್ನು ಕೊಟ್ಟು ಓದುವುದೇ ಯುಕ್ತವೆಂದು ತೋರುತ್ತದೆ. ಕವಿಯು ಎರಡನ್ನೂ ಶ್ಲೇಷೆಯಿಂದ ಕೂಡಿಸಬಹುದು. ಆದರೆ ಆ ಶ್ಲೇಷೆಯ ಸೊಗಸು ತಿಳಿಯಬೇಕಾದರೂ ಅವು ಎರಡೆಂಬುದು ಮೊದಲು ತಿಳಿದಿರಬೇಕು.