ಬಿಸಿಲಿನಿಂದ ಕಾರು ಓಡೀತೇ?



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮಳೆಗೆ ಬರವುಂಟೇ ಹೊರತು ಬಿಸಿಲಿಗಿಲ್ಲ. ಸೌರ ಪಂಪ್‌ಸೆಟ್ ಹಾಕಿಸಿದವರು ಈಗ ಕೇಳುವ ಪ್ರಶ್ನೆ ಇದು: ನೀರೆತ್ತುವ ಬಿಸಿಲು ಕಾರನ್ನೇಕೆ ಓಡಿಸಬಾರದು? ಕಾರಿನ ನೆತ್ತಿಗೆ ಫಲಕ ಕೂರಿಸಿದರೆ ಪೆಟ್ರೋಲಿನ ಖರ್ಚು ತಪ್ಪೀತಲ್ಲವೇ?

ಓಡಿಸಿದವರು ನಮ್ಮಲ್ಲೇ ಇದ್ದಾರೆ. ಕೋಲಾರ ಮೂಲದ ಸೈಯದ್ ಸಜ್ಜನ್ ಅಹ್ಮದ್ ಅವರು ತಾವೇ ಕಟ್ಟಿದ, 100 ವ್ಯಾಟಿನ 5 ಫಲಕಗಳುಳ್ಳ ಹಗುರ ಗಾಡಿಯಲ್ಲಿ 2015ರಲ್ಲಿ ಬೆಂಗಳೂರಿನಿಂದ ದೆಹಲಿಗೆ ಸುಮಾರು 3,000 ಕಿ.ಮೀ. ಕ್ರಮಿಸಿದರು. ಬೆಂಗಳೂರಿನ ಚೇತನ್ ಮೈನಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸೌರ ಕಾರಿನ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ 3ನೆಯ ಸ್ಥಾನ ಪಡೆಯಿತು. ಆದರೆ ಅವರೇ 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ ಕಾರನ್ನು ಪ್ಲಗ್ಗಿನಿಂದಲೇ ಚಾರ್ಜ್ ಮಾಡಬೇಕಿತ್ತು.

ಕಾರಣ ಲೆಕ್ಕದಲ್ಲಿದೆ. 5 ಅಶ್ವಶಕ್ತಿಯ ಸೌರ ಪಂಪಿಗೆ ಸುಮಾರು 4,800 ವ್ಯಾಟ್ ಫಲಕ ಬೇಕೆಂಬುದು ನಿಮಗೆ ಗೊತ್ತು. ಸಣ್ಣ ಕಾರಿನ ನೆತ್ತಿಯಲ್ಲಿ ಹಿಡಿಸುವುದು ಸುಮಾರು 2 ಚದರ ಮೀಟರ್, ಅಂದರೆ 400 ವ್ಯಾಟ್. ಅರ್ಧ ಅಶ್ವಶಕ್ತಿ ಎನ್ನಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗಲು ಸಣ್ಣ ವಿದ್ಯುತ್ ಕಾರಿಗೆ 10 ಅಶ್ವಶಕ್ತಿಯಷ್ಟು ಬೇಕು. ಧೂಳು, ಕಾವು ಕಳೆದು ಆ ಫಲಕ ದಿನಕ್ಕೆ ಒಂದೂವರೆ ಯೂನಿಟ್ ಕೊಟ್ಟೀತು. ಯೂನಿಟ್ಟಿಗೆ 8 ಕಿ.ಮೀ.ಯಂತೆ 12 ಕಿ.ಮೀ. ಹೊಳಲ್ಕೆರೆಯಿಂದ ಹೊರಟವರು ಚಿತ್ರದುರ್ಗದ ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ.

ತಪ್ಪು ಫಲಕದ್ದಲ್ಲ. ಬಿದ್ದ ಬಿಸಿಲಿನಲ್ಲಿ ಐದನೆಯ ಒಂದು ಪಾಲನ್ನು ಅದು ವಿದ್ಯುತ್ತಾಗಿಸುತ್ತದೆ. ನಮ್ಮ ರಾಗಿ ಪೈರು ನೂರರಲ್ಲಿ ಒಂದು ಪಾಲು ಹಿಡಿದಿಟ್ಟರೆ ಹೆಚ್ಚು. ಕೊರತೆ ಜಾಗದ್ದು. ನೆದರ್ಲೆಂಡ್ಸಿನ ಲೈಟ್‌ಇಯರ್ ಕಂಪನಿ 5 ಚದರ ಮೀಟರ್ ಫಲಕ ಹೊದಿಸಿ ಎರಡೂವರೆ ಲಕ್ಷ ಯೂರೋ ಬೆಲೆಯ ಕಾರು ತಯಾರಿಸಿತು. 2023ರ ಜನವರಿಯಲ್ಲಿ ತಯಾರಿಕೆ ನಿಂತುಹೋಯಿತು. ಮೇಲಾಗಿ ಅಂಥ ಕಾರನ್ನು ದಿನವಿಡೀ ಬಿಸಿಲಿಗೇ ನಿಲ್ಲಿಸಬೇಕು. ಬ್ಯಾಟರಿಯೋ ನೆರಳು ಬಯಸುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ನಿಲ್ಲಿಸಿದಿರಾದರೆ, ಒಂದು ಸೋಗೆಯ ನೆರಳು ಬಿದ್ದರೂ ಉತ್ಪಾದನೆ ಬಹಳ ಕುಗ್ಗುತ್ತದೆ.

ಆದುದರಿಂದ ಫಲಕ ಮನೆಯ ಮೇಲಿರಲಿ, ಕಾರು ನೆರಳಿನಲ್ಲಿರಲಿ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗಿಬರಲು ಸುಮಾರು 80 ಕಿ.ಮೀ.; ಚಾರ್ಜಿಂಗ್ ನಷ್ಟ ಸೇರಿ 11 ಯೂನಿಟ್. 3 ಕಿಲೋವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 12 ಯೂನಿಟ್ ಕೊಡುತ್ತದೆ, ಸುಮಾರು 300 ಚದರ ಅಡಿ ಸಾಕು. ಮೋಡದ ದಿನಗಳಲ್ಲಿ ಅರ್ಧಕ್ಕಿಳಿಯಬಹುದು. 2024ರ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಚಾವಣಿಯ ಇಷ್ಟು ಫಲಕಕ್ಕೆ 78,000 ರೂ. ಸಹಾಯಧನ ನಿಗದಿಯಾಗಿದೆ. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಹನ್ನೊಂದಕ್ಕೆ ಹಿಂದಿರುಗುವವರಿಗೆ ಇದು ಹೇಳಿಮಾಡಿಸಿದಂತಿದೆ. ದಿನವೆಲ್ಲ ಪಟ್ಟಣದಲ್ಲಿರುವವರು ಬೆಸ್ಕಾಂನ ನೆಟ್ ಮೀಟರಿಂಗ್ ಪಡೆದು, ಹಗಲು ಕೊಟ್ಟ ವಿದ್ಯುತ್ತನ್ನು ರಾತ್ರಿ ಹಿಂಪಡೆಯಬೇಕು. ಪೆಟ್ರೋಲ್ ಕಾರು ಇನ್ನೂ ಗಟ್ಟಿಯಾಗಿದ್ದರೆ ಅವಸರ ಬೇಡ.

ಪಂಪಿನ ಫಲಕದ ತಂತಿಯನ್ನು ನೇರವಾಗಿ ಕಾರಿಗೆ ಜೋಡಿಸಲೇಬಾರದು. ಮೋಡ ಬಂದಂತೆ ಅದರ ವಿದ್ಯುತ್ತು ಏರಿಳಿಯುತ್ತದೆ, ಚಾರ್ಜರ್ ಕೆಡುತ್ತದೆ. ಹೊಸದಾಗಿ ಸೌರ ಪಂಪ್ ಹಾಕಿಸುವವರು ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಬ್ಯಾಟರಿ ಚಾರ್ಜರ್‌ಗಳಿಗೂ ಒದಗುವ ಯೂನಿವರ್ಸಲ್ ಕಂಟ್ರೋಲರನ್ನೇ ಕೇಳಿ ಹಾಕಿಸಿಕೊಳ್ಳಿ.